ಐಸಿಯು ವೈದ್ಯರು ಹಿಂದಿನ ಎರಡು ವಾರಗಳ ಬಗ್ಗೆ ಕೇಳುವುದೇಕೆ?

ಪ್ರಶ್ನೆ: ಎಂಬತ್ತು ದಾಟಿದ ನಮ್ಮ ತಾಯಿಯನ್ನು ನ್ಯುಮೋನಿಯಾ ಎಂದು ಐಸಿಯುಗೆ ಸೇರಿಸಿದಾಗ, ಎರಡು ವಾರಗಳ ಹಿಂದೆ ಅವರು ತಾವೇ ಸ್ನಾನ ಮಾಡುತ್ತಿದ್ದರೇ, ಮೆಟ್ಟಿಲು ಹತ್ತುತ್ತಿದ್ದರೇ ಎಂದೆಲ್ಲ ವಿಚಾರಿಸಿದ ವೈದ್ಯರು ಕೊನೆಗೆ ‘6’ ಎಂದು ಬರೆದುಕೊಂಡರು. ಅವರು ಉಳಿಯುತ್ತಾರೋ ಇಲ್ಲವೋ ಎಂಬುದನ್ನು ಈ ಅಂಕೆ ಹೇಳಬಲ್ಲದೇ?

ಉತ್ತರ: ನಿಮ್ಮ ತಾಯಿಯೊಬ್ಬರ ವಿಷಯದಲ್ಲಿ ಹಾಗೆ ಖಚಿತವಾಗಿ ಹೇಳಲಾರದು. ಆದರೆ ಅವರಂಥ ನೂರಾರು ರೋಗಿಗಳನ್ನು ಒಟ್ಟಾಗಿ ನೋಡಿದಾಗ, ಯಾರು ಚೇತರಿಸಿಕೊಳ್ಳಲು ಹೆಚ್ಚು ಕಷ್ಟಪಡುತ್ತಾರೆ ಎಂಬುದನ್ನು ಬರೀ ವಯಸ್ಸಿಗಿಂತ ಈ ಅಂಕೆಯೇ ಚೆನ್ನಾಗಿ ತಿಳಿಸುತ್ತದೆ.

ವೈದ್ಯರು ಅಳೆದದ್ದು ‘ಫ್ರೇಲ್ಟಿ’ಯನ್ನು, ಅಂದರೆ ಸ್ನಾಯು, ಹೃದಯ, ಮಿದುಳು, ರೋಗನಿರೋಧಕ ಶಕ್ತಿ ಎಲ್ಲವುಗಳಲ್ಲೂ ಇರಬೇಕಾದ ಮೀಸಲು ಕಸುವು ಕರಗಿಹೋಗಿ, ಸಣ್ಣ ಸೋಂಕೂ ದೊಡ್ಡ ಪೆಟ್ಟಾಗುವ ಸ್ಥಿತಿಯನ್ನು. ಎಂಬತ್ತೈದರಲ್ಲೂ ಗಟ್ಟಿಮುಟ್ಟಾಗಿರುವವರಿದ್ದಾರೆ, ಅರವತ್ತೈದಕ್ಕೇ ಕುಗ್ಗಿಹೋದವರೂ ಇದ್ದಾರೆ. ಹುಟ್ಟಿದ ದಿನಾಂಕ ಈ ವ್ಯತ್ಯಾಸವನ್ನು ತೋರಿಸುವುದಿಲ್ಲ. ಅಪಾಚೆ, ಸೋಫಾ ಮುಂತಾದ ಐಸಿಯು ಅಂಕಪಟ್ಟಿಗಳು ಮುಖ್ಯವಾಗಿ ಈಗ ಬಂದಿರುವ ಕಾಯಿಲೆಯ ತೀವ್ರತೆಯನ್ನು ಅಳೆಯುತ್ತವೆ. ಆ ಕಾಯಿಲೆ ಎಂಥ ದೇಹದ ಮೇಲೆ ಬಂದೆರಗಿದೆ ಎಂಬುದು ಫ್ರೇಲ್ಟಿಯಿಂದ ತಿಳಿಯುತ್ತದೆ.

ಇದಕ್ಕೆ ಐಸಿಯುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್. ಮೊದಲು 7 ಹಂತಗಳಿದ್ದ ಇದರಲ್ಲಿ ಈಗ 9 ಹಂತಗಳಿವೆ. 1 ಎಂದರೆ ತುಂಬ ಚಟುವಟಿಕೆಯಿಂದಿರುವವರು. 5ರಲ್ಲಿ ಹಣಕಾಸು, ಓಡಾಟ, ಔಷಧಿಗಳಂಥ ವಿಷಯಗಳಿಗೆ ನೆರವು ಬೇಕಾಗುತ್ತದೆ. 6ರಲ್ಲಿ ಹೊರಗಿನ ಕೆಲಸಗಳಿಗೆಲ್ಲ ಇನ್ನೊಬ್ಬರು ಬೇಕು, ಮೆಟ್ಟಿಲು ಹತ್ತುವುದು ತ್ರಾಸ, ಸ್ನಾನಕ್ಕೂ ಹಲವೊಮ್ಮೆ ಸಹಾಯ ಬೇಕು. 7ರಲ್ಲಿ ದೈನಂದಿನ ಆರೈಕೆಗೆ ಪೂರ್ತಿ ಪರಾವಲಂಬನೆ. ಕೈಹಿಡಿತದ ಬಲ, ನಡಿಗೆಯ ವೇಗಗಳನ್ನು ಅಳೆಯುವ ಬೇರೆ ವಿಧಾನಗಳೂ ಇವೆಯಾದರೂ, ವೆಂಟಿಲೇಟರ್ ಮೇಲಿರುವವರನ್ನು ನಡೆಸಿ ನೋಡಲಾಗುವುದಿಲ್ಲವಲ್ಲ.

ಎರಡು ವಾರ ಹಿಂದಕ್ಕೆ ಹೋಗುವ ಕಾರಣವೂ ಇಲ್ಲಿದೆ. ಐಸಿಯು ಹಾಸಿಗೆಯಲ್ಲಿ ಎಲ್ಲರೂ ನಿತ್ರಾಣರೇ. ಇಂದಿನ ಸ್ಥಿತಿಗೆ ಅಂಕ ಕೊಟ್ಟರೆ ನಿನ್ನೆ ಮೊನ್ನೆಯವರೆಗೆ ಓಡಾಡಿಕೊಂಡಿದ್ದವರೂ 7 ಆಗಿಬಿಡುತ್ತಾರೆ. ಹಾಗಾಗಿ ಮಾಹಿತಿ ಮನೆಯವರಿಂದಲೇ ಬರಬೇಕು, ತಪ್ಪು ನುಸುಳುವುದೂ ಅಲ್ಲೇ. ‘ಎಲ್ಲ ಅವರೇ ಮಾಡ್ಕೋತಿದ್ರು ಡಾಕ್ಟ್ರೇ’ ಎಂದು ಮಗ ಹೇಳುತ್ತಾನೆ. ಮಾತ್ರೆ ಎಣಿಸಿ ಕೊಡುತ್ತಿದ್ದವರು ಯಾರು, ಬಚ್ಚಲಿಗೆ ಹೋಗುವಾಗ ಜೊತೆಗೆ ಯಾರಾದರೂ ಇರಬೇಕಿತ್ತೇ ಎಂದು ಬಿಡಿಸಿ ಕೇಳಿದಾಗ ಚಿತ್ರ ಬೇರೆಯೇ ಆಗುತ್ತದೆ. ಬಾಯಿಮಾತಿನ ಮೊದಲ ಉತ್ತರಕ್ಕೇ ಅಂಕ ಕೊಡುವ ಅವಸರ, ನನ್ನ ಅಭಿಪ್ರಾಯದಲ್ಲಿ, ಈ ಪದ್ಧತಿಯ ದೊಡ್ಡ ದೋಷ.

ಫಲಿತಾಂಶಗಳ ವಿಷಯಕ್ಕೆ ಬಂದರೆ, ಕೆನಡಾದಲ್ಲಿ 50 ದಾಟಿದ 421 ಐಸಿಯು ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫ್ರೇಲ್ಟಿ ಇದ್ದವರಲ್ಲಿ ಶೇ. 32ರಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರೆ, ಇಲ್ಲದವರಲ್ಲಿ ಆ ಪ್ರಮಾಣ ಶೇ. 16 ಇತ್ತು. ಬದುಕಿ ಮನೆಗೆ ಹೋದವರಲ್ಲೂ ಫ್ರೇಲ್ಟಿ ಇದ್ದವರೇ ಹೆಚ್ಚಾಗಿ ಇನ್ನೊಬ್ಬರ ಆಸರೆಗೆ ಬಿದ್ದರು. ಯುರೋಪಿನಲ್ಲಿ 80 ದಾಟಿದ ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದ 2017ರ ಅಧ್ಯಯನವೂ ಫ್ರೇಲ್ಟಿಗೂ 30 ದಿನಗಳೊಳಗಿನ ಸಾವಿಗೂ ನಂಟಿರುವುದನ್ನು ದೃಢಪಡಿಸಿತು.

ಈ ಸಂಖ್ಯೆಗಳನ್ನೇ ತಿರುಗಿಸಿ ಓದಿದರೆ, ಕೆನಡಾದ ಆ ಅಧ್ಯಯನದಲ್ಲಿ ಫ್ರೇಲ್ಟಿ ಇದ್ದವರ ಪೈಕಿ ಮೂವರಲ್ಲಿ ಇಬ್ಬರು ಆಸ್ಪತ್ರೆಯಿಂದ ಜೀವಂತವಾಗಿ ಹೊರಬಂದಿದ್ದಾರೆ. ಆದ್ದರಿಂದ ಅಂಕೆಯೊಂದನ್ನೇ ಹಿಡಿದು ಚಿಕಿತ್ಸೆ ನಿರಾಕರಿಸುವುದು ತಪ್ಪು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರ ಮಾರ್ಚ್‌ನಲ್ಲಿ ಕೋವಿಡ್ ರೋಗಿಗಳಿಗೆ ಈ ಸ್ಕೇಲ್ ಬಳಸಲು ಸೂಚಿಸಿ, ಆಕ್ಷೇಪಗಳು ಬಂದ ಮೇಲೆ ಕೆಲವೇ ದಿನಗಳಲ್ಲಿ, 65ಕ್ಕಿಂತ ಚಿಕ್ಕವರಿಗೂ ಸ್ಥಿರವಾದ ದೀರ್ಘಕಾಲದ ಅಂಗವೈಕಲ್ಯ ಉಳ್ಳವರಿಗೂ ಇದನ್ನು ಅನ್ವಯಿಸಬಾರದೆಂದು ತಿದ್ದುಪಡಿ ಮಾಡಬೇಕಾಯಿತು. ಗಾಲಿಕುರ್ಚಿಯಲ್ಲಿದ್ದ ಮಾತ್ರಕ್ಕೆ ದೇಹದ ಮೀಸಲು ಕಸುವು ಬರಿದಾಗಿರುವುದಿಲ್ಲ.

ನಿಮ್ಮ ತಾಯಿಗೆ ಬಂದ 6, ವೈದ್ಯರು ನಿಮ್ಮೊಡನೆ ಕೂತು ಮಾತಾಡಬೇಕೆಂಬುದರ ಸೂಚನೆ. ವೆಂಟಿಲೇಟರ್ ಅನ್ನು ಕೆಲವು ದಿನಗಳ ಗಡುವಿನೊಡನೆ ಪ್ರಯತ್ನಿಸಿ ನೋಡುವುದೇ, ಬದುಕುಳಿದರೂ ಹಾಸಿಗೆ ಹಿಡಿಯಬೇಕಾದ ಸ್ಥಿತಿಯನ್ನು ಅವರು ಒಪ್ಪುತ್ತಿದ್ದರೇ, ಈ ಬಗ್ಗೆ ಹಿಂದೆ ಏನಾದರೂ ಹೇಳಿದ್ದರೇ ಎಂಬುದನ್ನು ಆಗ ಚರ್ಚಿಸಬೇಕು. ಹಾಗೆ ಕರೆಯದಿದ್ದರೆ, ಆ 6ನ್ನು ಯಾವ ಉತ್ತರಗಳ ಮೇಲೆ ಕೊಟ್ಟಿರಿ ಎಂದು ನೀವೇ ಕೇಳಬಹುದು. ತಪ್ಪು ಮಾಹಿತಿ ಸೇರಿದ್ದರೆ ತಿದ್ದಿಸಲೂಬಹುದು.