ತುಟಿ, ಮಾತು ಮತ್ತು ಮುಚ್ಚಿಟ್ಟ ಮೈಕ್

ಅಮೆರಿಕದ ಚರ್ಚ್‌ಗಳಿಗೆ ಧ್ವನಿ ಮತ್ತು ಪರದೆಯ ವ್ಯವಸ್ಥೆ ಮಾಡಿಕೊಡುವುದು ನನ್ನ ಕಸುಬು. ಮೂಲ ಚರ್ಚ್‌ನ ಪಾಸ್ಟರ್ ಮಾಡುವ ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ವಿಡಿಯೊದಲ್ಲಿ ತೋರಿಸುವ ಶಾಖೆ ತೆರೆಯಲು ಹೊರಟವರು ಮೊದಲು ಕೇಳುವುದು ಪರದೆಯ ಅಳತೆಯನ್ನು. ನಾನು ಮೊದಲು ನೋಡುವುದು ಪಾಸ್ಟರ್ ಅವರ ತುಟಿಯನ್ನು. ಚಿತ್ರ ನಾಲ್ಕಾರು ಯಂತ್ರಗಳನ್ನು ಹಾಯ್ದು ಪರದೆಗೆ ಬರುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಮಾತು ತಡವಾದರೆ ಕಿವಿ ಸಹಿಸಿಕೊಳ್ಳುತ್ತದೆ, ಮುಂಚೆ ಬಂದರೆ ಸಹಿಸುವುದಿಲ್ಲ. ಮಿಂಚಿಗೆ ಮೊದಲು ಗುಡುಗಿದ್ದನ್ನು ಯಾರೂ ಕಂಡಿಲ್ಲವಲ್ಲ! ಹಾಗಾಗಿ ಧ್ವನಿಯನ್ನು ಲೆಕ್ಕ ಹಾಕಿ ತಡೆಹಿಡಿದು ಬಿಡುತ್ತೇವೆ.

ಕ್ಯಾಮೆರಾದ್ದೂ ಒಂದು ಪಥ್ಯವಿದೆ. ಟಿ.ವಿ.ಯವರ ಹಾಗೆ ಮುಖಕ್ಕೆ ಹತ್ತಿರ ಹೋಗುವುದು, ಕೋನ ಬದಲಿಸುವುದು ಆಗದು. ಆಳೆತ್ತರದ ಚಿತ್ರ, ವೇದಿಕೆಗೆ ತಾಗಿದ ಪಾದ, ಅಲುಗದ ಚೌಕಟ್ಟು. ಮೂಲ ಸಭಾಂಗಣದ ನಗುವನ್ನೂ ಸಣ್ಣಗೆ ಬೆರೆಸಬೇಕು. ಇಲ್ಲದಿದ್ದರೆ ಹಾಸ್ಯಕ್ಕೆ ಇಲ್ಲಿ ಯಾರೂ ನಗುವುದಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಜನ ಪರದೆಯನ್ನೇ ಮರೆತಿರುತ್ತಾರೆ.

ಕ್ಯಾಲಿಫೋರ್ನಿಯಾದ ವಿಸ್ಟಾದಲ್ಲಿರುವ ನಾರ್ತ್ ಕೋಸ್ಟ್ ಚರ್ಚ್ 1998ರಲ್ಲಿ ಇದನ್ನು ಶುರುಮಾಡಿದಾಗ ಅದು ಪಕ್ಕದ ಕೋಣೆಯ ಏರ್ಪಾಡು: ಕಾಫಿ ಉಂಟು, ಹಾಡುವವರು ಕಣ್ಣೆದುರೇ ಉಂಟು, ಪ್ರಸಂಗ ಮಾತ್ರ ಪರದೆಯಲ್ಲಿ. ದಕ್ಷಿಣ ಕ್ಯಾರೊಲಿನಾದ ಸೀಕೋಸ್ಟ್ ಚರ್ಚ್ ಹಲವು ಸ್ಥಳಗಳಿಗೆ ಹರಡಿದ್ದು ದೊಡ್ಡ ಕಟ್ಟಡ ಕಟ್ಟಲು ಊರಿನ ಆಡಳಿತ ಒಪ್ಪದ ಮೇಲೆ. ಶಾಲೆಯ ಸಭಾಂಗಣವನ್ನೋ ಚಿತ್ರಮಂದಿರವನ್ನೋ ಭಾನುವಾರದ ಮಟ್ಟಿಗೆ ಬಾಡಿಗೆಗೆ ಹಿಡಿದರೆ ಕಟ್ಟಡದ ಸಾಲದ ಹೊರೆಯೇ ಇಲ್ಲ.

ಹೊರೆ ಬೀಳುವುದು ಪರದೆಯ ಮೇಲಿನ ಮುಖದ ಮೇಲೆ. 1996ರಲ್ಲಿ ಆರಂಭವಾದ ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚ್ ತನ್ನ ಪಾಸ್ಟರ್ ಮಾರ್ಕ್ ಡ್ರಿಸ್ಕಾಲ್ ಅವರ ವಿಡಿಯೊ ಪ್ರಸಂಗಗಳ ಬಲದಿಂದ ಹಲವು ರಾಜ್ಯಗಳಿಗೆ ಹಬ್ಬಿತು. 2014ರ ಅಕ್ಟೋಬರ್‌ನಲ್ಲಿ, ಅವರ ನಡವಳಿಕೆಯ ಮೇಲಿನ ದೂರುಗಳ ನಡುವೆ, ಡ್ರಿಸ್ಕಾಲ್ ರಾಜೀನಾಮೆ ಕೊಟ್ಟರು. ವರ್ಷ ಮುಗಿಯುವುದರೊಳಗೆ ಇಡೀ ಸಂಸ್ಥೆ ಬರಖಾಸ್ತಾಯಿತು; ಕೆಲವು ಶಾಖೆಗಳು ಸ್ವತಂತ್ರವಾದವು, ಕೆಲವು ಮುಚ್ಚಿದವು. ಟೆಕ್ಸಾಸ್‌ನ ದಿ ವಿಲೇಜ್ ಚರ್ಚ್ ಅಂಥ ಪರಿಸ್ಥಿತಿ ಬರುವವರೆಗೆ ಕಾಯಲಿಲ್ಲ. ಶಾಖೆಗಳನ್ನೆಲ್ಲ ಸ್ವತಂತ್ರ ಸಭೆಗಳನ್ನಾಗಿ ಮಾಡುವುದಾಗಿ 2017ರಲ್ಲೇ ಪ್ರಕಟಿಸಿತು. ನನ್ನ ಮಟ್ಟಿಗೆ ಅದೇ ಜಾಣತನ, ನನ್ನ ಬಿಲ್ಲಿಗೆ ಅದರಿಂದ ನಷ್ಟವಾದರೂ.

ಒಮ್ಮೆ ನಾನೇ ಕೂರಿಸಿದ ಪ್ರೊಜೆಕ್ಟರ್ ಪ್ರಸಂಗದ ನಡುವೆ ಕೈಕೊಟ್ಟಿತು. ಸ್ಥಳೀಯ ಪಾಸ್ಟರ್ ಎದ್ದು ನಿಂತರು. ವರ್ಷಗಟ್ಟಲೆ ಪ್ರಕಟಣೆ ಓದಿದವರು, ಪ್ರಾರ್ಥನೆ ಮಾಡಿದವರು, ಪ್ರಸಂಗವನ್ನು ಮಾತ್ರ ಮಾಡಿದವರಲ್ಲ. ವಿಡಿಯೊ ಓಡುವಾಗ ವೇದಿಕೆಯ ಮೈಕ್‌ಗಳೆಲ್ಲ ತಾವಾಗಿಯೇ ಮುಚ್ಚಿಕೊಳ್ಳುವಂತೆ ನಾನು ಹೊಂದಿಸಿಟ್ಟಿದ್ದೆ. ಪಾಪ, ಅವರು ಎರಡು ಸಲ ಮೈಕ್ ತಟ್ಟಿ ನೋಡಿ, ಅದನ್ನು ಬದಿಗಿಟ್ಟು ಕೂಗಿಯೇ ಮಾತನಾಡತೊಡಗಿದರು. ಹಿಂದಿನ ಸಾಲಿನವರು ಕುರ್ಚಿಗಳನ್ನು ಎತ್ತಿಕೊಂಡು ಮುಂದೆ ಬಂದರು. ಆಮೇಲೆ ನಾನು ಕೂರಿಸಿದ ಎಲ್ಲ ಕಡೆಯೂ ಒಂದು ಮೈಕ್ ಆ ಹೊಂದಾಣಿಕೆಯಿಂದ ಹೊರಗೇ ಇದೆ.