ಉಪಕೇಂದ್ರದ ಸಿಎಚ್‌ಒ ಔಷಧ ಬರೆಯಬಹುದೇ? ಗೋಜಲಿನ ಹಿಂದಿನ ಕಥೆ

ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಬಿಪಿ ನೋಡಿ, ಶುಗರ್ ಪರೀಕ್ಷಿಸಿ, ಮಾತ್ರೆ ಕೊಡುವ ಸಮುದಾಯ ಆರೋಗ್ಯ ಅಧಿಕಾರಿಯನ್ನು (ಸಿಎಚ್‌ಒ) ಕೆಲವು ವೈದ್ಯರು ‘ಅರೆಬರೆ ಡಾಕ್ಟರ್’ ಎಂದು ಹಳಿಯುತ್ತಾರೆ. ಅಲ್ಲಿಗೆ ಬರುವ ರೋಗಿಗೆ ಈ ಜಗಳದ ಗೊಡವೆಯಿಲ್ಲ. ಆದರೆ ಆತ ತಿಂಗಳ ಮಾತ್ರೆ ಅಲ್ಲೇ ಪಡೆಯುತ್ತಾನೋ, ಬಸ್ಸು ಹತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾನೋ ಎಂಬುದು ಇದರ ಮೇಲೆಯೇ ನಿಂತಿದೆ.

ಸ್ವಾತಂತ್ರ್ಯಕ್ಕೆ ಮುನ್ನ ನಮ್ಮಲ್ಲಿ ಮಧ್ಯಮ ಹಂತದ ವೈದ್ಯರು ಇದ್ದರು. ಕಡಿಮೆ ಅವಧಿಯ ತರಬೇತಿ ಪಡೆದ ಲೈಸೆನ್ಷಿಯೇಟ್‌ಗಳ ಸಂಖ್ಯೆ ಪದವೀಧರ ವೈದ್ಯರಿಗಿಂತ ಹೆಚ್ಚಿತ್ತು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ 1946ರ ಭೋರ್ ಸಮಿತಿ ಆ ದರ್ಜೆಯನ್ನು ಕೈಬಿಟ್ಟು ಒಂದೇ ಬಗೆಯ ‘ಮೂಲ ವೈದ್ಯ’ ಸಾಕೆಂದಿತು. ಪದವೀಧರರು ಹೆಚ್ಚಾದರು, ಹಳ್ಳಿಯ ಖಾಲಿ ಹುದ್ದೆಗಳು ಖಾಲಿಯಾಗಿಯೇ ಉಳಿದವು. 1977ರಲ್ಲಿ ಸಾವಿರ ಜನರಿಗೆ ಒಬ್ಬರಂತೆ, ಮೂರು ತಿಂಗಳ ತರಬೇತಿ ಮತ್ತು ತಿಂಗಳಿಗೆ 50 ರೂಪಾಯಿ ಗೌರವಧನದ ಮೇಲೆ ಸಮುದಾಯ ಆರೋಗ್ಯ ಕಾರ್ಯಕರ್ತರನ್ನು ನೇಮಿಸಿದರು. ಆ ಯೋಜನೆಯೂ ಸೊರಗಿತು.

ಮುಂದಿನ ಪ್ರಯತ್ನ ರಾಜ್ಯಗಳದು. ಛತ್ತೀಸಗಢ 2001ರಲ್ಲಿ ಮೂರು ವರ್ಷದ ವೈದ್ಯಕೀಯ ಕೋರ್ಸ್ ತೆರೆದು, ಕೆಲವೇ ವರ್ಷಗಳಲ್ಲಿ ಮುಚ್ಚಿತು. ಅಲ್ಲಿ ಕಲಿತವರು ಗ್ರಾಮೀಣ ವೈದ್ಯಕೀಯ ಸಹಾಯಕರಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದರು. ಸಾಮಾನ್ಯ ಕಾಯಿಲೆಗಳ ಚಿಕಿತ್ಸೆಯಲ್ಲಿ ಅವರು ಎಂಬಿಬಿಎಸ್ ವೈದ್ಯರಿಗೆ ಹೆಚ್ಚುಕಡಿಮೆ ಸಮನಾಗಿದ್ದಾರೆಂದು ಹೋಲಿಕೆ ಅಧ್ಯಯನ ಹೇಳಿತು. ವಾದದ ಗದ್ದಲದಲ್ಲಿ ಅದನ್ನು ಓದಿದವರು ಕಡಿಮೆ ಎಂದು ಕಾಣುತ್ತದೆ. ಅಸ್ಸಾಂ 2004ರಲ್ಲಿ ಇಂಥದ್ದೇ ಕೋರ್ಸ್‌ಗಾಗಿ ಕಾನೂನನ್ನೇ ಮಾಡಿತು. ಗುವಾಹಟಿ ಹೈಕೋರ್ಟ್ 2014ರಲ್ಲಿ ಅದನ್ನು ರದ್ದು ಮಾಡಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಆಧುನಿಕ ವೈದ್ಯಶಿಕ್ಷಣದ ಮಾನದಂಡ ಕೇಂದ್ರದ ವ್ಯಾಪ್ತಿಗೆ ಸೇರಿದ್ದು, ಕೇಂದ್ರದ ಕಾನೂನಿಗೆ ವಿರುದ್ಧವಾಗಿ ರಾಜ್ಯ ಹೊಸ ದರ್ಜೆ ಹುಟ್ಟುಹಾಕುವಂತಿಲ್ಲ ಎಂಬುದು ಅದರ ಸಾರ. ಕಲಿತವರ ಸಾಮರ್ಥ್ಯ ಅಲ್ಲಿ ವಿಷಯವೇ ಆಗಿರಲಿಲ್ಲ.

ಇಷ್ಟರಲ್ಲಿ ಕೇಂದ್ರ ಬೇರೊಂದು ದಾರಿ ಹಿಡಿದಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಧ್ಯಮ ಹಂತದ ಸೇವಾದಾರರ ಬಗ್ಗೆ ಹೇಳಿತು, 2018ರ ಬಜೆಟ್ ಒಂದೂವರೆ ಲಕ್ಷ ‘ಆರೋಗ್ಯ ಮತ್ತು ಕ್ಷೇಮ ಕೇಂದ್ರ’ಗಳನ್ನು ಘೋಷಿಸಿತು. ಹೊಸ ಪದವಿ ಸೃಷ್ಟಿಸುವ ಗೋಜಿಗೆ ಹೋಗಲಿಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿಎಸ್ಸಿ ನರ್ಸಿಂಗ್ ಅಥವಾ ಆಯುರ್ವೇದ ಓದಿದವರಿಗೆ ಆರು ತಿಂಗಳ ಸಮುದಾಯ ಆರೋಗ್ಯ ಸರ್ಟಿಫಿಕೇಟ್ ಕೋರ್ಸ್ ಕೊಟ್ಟು, ಇಂಥ ಕೇಂದ್ರವಾಗಿ ಬದಲಾದ ಉಪಕೇಂದ್ರದಲ್ಲಿ ಸಿಎಚ್‌ಒ ಆಗಿ ಕೂರಿಸಿದರು. ಮುಂದೆ ಅದೇ ಪಾಠವನ್ನು ಬಿಎಸ್ಸಿ ನರ್ಸಿಂಗ್‌ಗೆ ಸೇರಿಸಿದರು. ಜಾಣ ಉಪಾಯ. ಕೋರ್ಟು ಕಚೇರಿಯ ತಾಪತ್ರಯ ತಪ್ಪಿತು, ಜೊತೆಗೆ ಅಧಿಕಾರದ ಪ್ರಶ್ನೆಯೂ ಪಕ್ಕಕ್ಕೆ ಸರಿಯಿತು.

ಕಾಗದದ ಮೇಲೆ ಕೆಲಸ ಹೀಗಿದೆ. ಬಯಲುಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ. 30 ವರ್ಷ ದಾಟಿದವರ ಅಪಾಯದ ಅಂಶಗಳನ್ನು ಆಶಾ ಕಾರ್ಯಕರ್ತೆ ಸಿಬ್ಯಾಕ್ ಎಂಬ ಪ್ರಶ್ನಾವಳಿ ನಮೂನೆಯಲ್ಲಿ ತುಂಬುತ್ತಾರೆ. ಅಂಕ 4 ಮೀರಿದವರನ್ನು ಮೊದಲು ಕರೆಸುತ್ತಾರೆ. ಬಿಪಿ 140/90 ಅಥವಾ ಹೆಚ್ಚಿದ್ದರೆ ಮತ್ತೆ ಅಳೆಯಬೇಕು. ಯಾವ ಹೊತ್ತಿನಲ್ಲಾದರೂ ತೆಗೆದ ಶುಗರ್ 140 ದಾಟಿದ್ದರೆ ಖಚಿತಪಡಿಸಲು ವೈದ್ಯಾಧಿಕಾರಿಗೆ ರೆಫರ್ ಮಾಡಬೇಕು. ರೋಗ ನಿರ್ಧರಿಸಿ ಮಾತ್ರೆ ಶುರು ಮಾಡುವವರು ವೈದ್ಯರು; ಆಮೇಲಿನ ತಿಂಗಳುಗಳ ಮಾತ್ರೆ, ತಪಾಸಣೆ ಸಿಎಚ್‌ಒ ಪಾಲು. ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯಿಂದ ಮಾನಸಿಕ ಆರೋಗ್ಯದವರೆಗೆ ಒಟ್ಟು 12 ಬಗೆಯ ಸೇವೆ ಇದೇ ಮೇಜಿನ ಮೇಲೆ.

ಎಡವುವುದು ಸಣ್ಣ ಸಂಗತಿಗಳಲ್ಲಿ. ಶುಗರ್ ಪರೀಕ್ಷೆಯ ಪಟ್ಟಿಯ (ಸ್ಟ್ರಿಪ್) ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ತೇವಕ್ಕೆ ಪಟ್ಟಿ ಕೆಟ್ಟು ತಪ್ಪು ಅಂಕಿ ಬರುತ್ತದೆ. ದಪ್ಪ ತೋಳಿಗೆ ಚಿಕ್ಕ ಬಿಪಿ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣಿಸುತ್ತದೆ. ಹೊಸ ರೋಗಿಗಳ ಲೆಕ್ಕ ಸೇರಿಸದೆ ಹಿಂದಿನ ಖರ್ಚಿನ ಮೇಲೆ ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಹಾಕಿದರೆ ತಿಂಗಳಿಗೆ ಬೇಕಾದ ಮಾತ್ರೆ ಹದಿನೈದು ದಿನಕ್ಕಷ್ಟೇ ಸಾಲುತ್ತದೆ. ಅರ್ಧ ಮಾತ್ರೆ ಪಡೆದ ರೋಗಿ ಉಳಿದರ್ಧಕ್ಕೆ ಅಂಗಡಿಗೆ ಹೋಗುತ್ತಾನೆ, ಇಲ್ಲವೇ ನಿಲ್ಲಿಸುತ್ತಾನೆ. ಎಲ್ಲಕ್ಕಿಂತ ದೊಡ್ಡ ತೂತು ಮರಳಿ ಬರುವ ಚೀಟಿಯದು. ದೊಡ್ಡ ಆಸ್ಪತ್ರೆಯಲ್ಲಿ ಯಾವ ಮಾತ್ರೆ ಬದಲಾಯಿತೆಂದು ಬರೆದು ಕಳಿಸದಿದ್ದರೆ ಸಿಎಚ್‌ಒ ಹಳೆಯದನ್ನೇ ಕೊಡುತ್ತಾ ಹೋಗುತ್ತಾರೆ.

ದೂರದ ವೈದ್ಯರ ಸಲಹೆ ಪಡೆಯಲು ಇ-ಸಂಜೀವಿನಿ ಬಂತು. ವಿಡಿಯೊ ಕರೆಯಲ್ಲಿ ವೈದ್ಯರು ಬರೆದುಕೊಟ್ಟರೆ ಚೀಟಿಗೆ ಕಾನೂನಿನ ಬಲ ಬರುತ್ತದೆ, ಹಾಗಾಗಿ ಇದು ಒಳ್ಳೆಯ ಸೇತುವೆ. ಇನ್ನು 2018ರ ಮಾರ್ಗಸೂಚಿಯಲ್ಲಿ ಸಿಎಚ್‌ಒ ತಿಂಗಳ ಸಂಬಳದ ಲೆಕ್ಕ ನೋಡಿ: 25,000 ರೂಪಾಯಿ ಖಚಿತ, ಮೇಲೆ 15,000ದವರೆಗೆ ಸಾಧನೆಗೆ ತಕ್ಕಂತೆ. ಸಾಧನೆ ಎಂದರೆ ಎಣಿಸಬಹುದಾದದ್ದು. ಎಣಿಕೆಗೆ ಹಣ ಕಟ್ಟಿದ ಕಡೆ ಎಣಿಕೆ ಏರುತ್ತದೆ. ಬಿಪಿ ಹತೋಟಿಗೆ ಬಂತೇ ಎಂಬುದು ಬೇರೆಯೇ ಪ್ರಶ್ನೆ.

ಕಾನೂನಿಗೆ ಬರೋಣ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿಯ ಅವಕಾಶ ಇಟ್ಟಿತು. ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದನ್ನು ಮೀರಬಾರದು. ಪ್ರಾಥಮಿಕ ಹಾಗೂ ರೋಗ ತಡೆಗಟ್ಟುವ ಸೇವೆಯಲ್ಲಿ ಮಾತ್ರ, ನಿಗದಿತ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು. ವೈದ್ಯರ ಸಂಘಟನೆಗಳು ಬೀದಿಗಿಳಿದದ್ದು ಇದರ ವಿರುದ್ಧ. ಹೆಸರು ಹತ್ತಿರವಿರುವುದರಿಂದ ಇಂದಿನ ಸಿಎಚ್‌ಒಗಳು ಈ ಪರವಾನಗಿಯವರೇ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಸಿಎಚ್‌ಒಗಳು ನಡೆಯುವುದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿಯಂತೆ. ಔಷಧ ನಿಯಮಗಳ ‘ಷೆಡ್ಯೂಲ್ ಕೆ’ ಸರ್ಕಾರಿ ಕಾರ್ಯಕ್ರಮದಡಿ ಉಪಕೇಂದ್ರದ ಸಿಬ್ಬಂದಿ ಮಾತ್ರೆ ಹಂಚಲು ವಿನಾಯಿತಿ ಕೊಡುತ್ತದೆ. ಹಂಚುವುದಕ್ಕೆ ವಿನಾಯಿತಿ, ಬರೆಯುವುದಕ್ಕಲ್ಲ.

ಇಂಗ್ಲೆಂಡಿನಲ್ಲಿ ಅರ್ಹ ನರ್ಸ್‌ಗಳು 2006ರಿಂದ ಬಹುತೇಕ ಎಲ್ಲ ಔಷಧ ಬರೆಯುತ್ತಿದ್ದಾರೆ. 2017ರಲ್ಲಿ ನರ್ಸ್‌ಗಳ ಮೇಲ್ದರ್ಜೆಯ ಕೆಲಸಕ್ಕೆ ಸ್ನಾತಕೋತ್ತರ ಮಟ್ಟದ ಚೌಕಟ್ಟೂ ಬಂತು. ನಮ್ಮಲ್ಲಿ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ಬಂದದ್ದು ತೀವ್ರ ನಿಗಾ ಘಟಕದ ಕೆಲಸಕ್ಕೆ. ಆರು ತಿಂಗಳು ಕಲಿತ ಸಿಎಚ್‌ಒ ಹತ್ತು ವರ್ಷ ದುಡಿದು ಏರಬಹುದಾದ ಮುಂದಿನ ಮೆಟ್ಟಿಲನ್ನು 2018ರ ಯೋಜನೆಯೊಳಗೆ ಕಟ್ಟಿರಲಿಲ್ಲ. ಸ್ಟಾಫ್ ನರ್ಸ್ ಹುದ್ದೆಯ ಕಾಯಂ ನೇಮಕಾತಿ ಪ್ರಕಟಣೆ ಬಂದಾಗ ಗುತ್ತಿಗೆಯ ಸಿಎಚ್‌ಒ ಅರ್ಜಿ ಹಾಕುವುದು ಅದಕ್ಕೇ. ಆಯ್ಕೆಯಾದರೆ ಆ ಮೇಜಿಗೆ ಹೊಸಬರು ಬಂದು ಸಿಬ್ಯಾಕ್ ನಮೂನೆಯಿಂದ ಕೆಲಸ ಶುರು ಮಾಡಬೇಕು.