ಡಿ4ಕ್ಕೆ ಇ5 ಎಂದು ಬಂದರೆ ತಿನ್ನಬೇಕೆ, ಬಿಡಬೇಕೆ?

ಪ್ರಶ್ನೆ: ಚೆಸ್ ಆಟದಲ್ಲಿ ಬಿಳಿ ಕಾಯಿ ಸಿಕ್ಕಾಗಲೆಲ್ಲ ನಾನು ಡಿ4ರಿಂದಲೇ, ಅಂದರೆ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟೇ, ಆರಂಭಿಸುತ್ತೇನೆ. ಈಚೆಗೆ ಉಡುಪಿಯಲ್ಲಿ ನಡೆದ ಒಂದು ರ್‍ಯಾಪಿಡ್ ಟೂರ್ನಿಯಲ್ಲಿ ಎದುರಿಗೆ ಕುಳಿತಿದ್ದ ಶಾಲಾ ಹುಡುಗಿ ಒಂದು ಕ್ಷಣವೂ ಯೋಚಿಸದೆ ಇ5 ಎಂದು ರಾಜನ ಮುಂದಿನ ಕಾಲಾಳನ್ನು ನನ್ನ ಕಾಲಾಳಿಗೆ ಒಡ್ಡಿ ಆಡಿದಳು. ಪುಕ್ಕಟೆ ಕಾಲಾಳು ಎಂದು ತಿಂದೆ. ಎಂಟನೆಯ ನಡೆಗೆ ಚೆಕ್‌ಮೇಟ್! ಇಂಥ ವಿಚಿತ್ರ ಓಪನಿಂಗ್ (ಆಟದ ಮೊದಲ ನಡೆಗಳ ಕ್ರಮ) ಎದುರಾದರೆ ಬಿಳಿಯ ಕಡೆಯವರು ಉತ್ತರವನ್ನು ಹೇಗೆ ಆರಿಸಿಕೊಳ್ಳಬೇಕು? ತಿನ್ನುವುದೋ, ಬಿಡುವುದೋ? (ಬ್ರಹ್ಮಾವರದ ಓದುಗರು)

ಉತ್ತರ: ತಿನ್ನಿ. ಆದರೆ ತಿಂದ ಕಾಲಾಳನ್ನು ಕೊನೆಯವರೆಗೂ ಕಾಪಾಡುತ್ತೇನೆ ಎಂಬ ಹಟ ಬೇಡ. ಎಂಟನೆಯ ನಡೆಗೆ ಮೇಟ್ ಎಂದಿರಿ, ಅಷ್ಟರಿಂದಲೇ ನಿಮ್ಮ ಆಟ ಹೇಗೆ ಸಾಗಿರಬೇಕೆಂದು ಊಹಿಸಬಹುದು. ಎಡವಿದ್ದು ಎರಡನೆಯ ನಡೆಯಲ್ಲಿ ಅಲ್ಲವೇ ಅಲ್ಲ, ಆರನೆಯದರಲ್ಲಿ.

ಇದಕ್ಕೆ ಎಂಗ್ಲುಂಡ್ ಗ್ಯಾಂಬಿಟ್ ಎಂದು ಹೆಸರು. ಗ್ಯಾಂಬಿಟ್ ಎಂದರೆ ಆರಂಭದಲ್ಲೇ ಬೇಕೆಂದೇ ಕಾಯಿ ಬಿಟ್ಟುಕೊಟ್ಟು ಆಡುವ ಬಗೆ. ಸ್ವೀಡನ್ನಿನ ಫ್ರಿಟ್ಸ್ ಎಂಗ್ಲುಂಡ್ ಅವರು 1932ರಲ್ಲಿ ಎಲ್ಲ ಆಟಗಳೂ ಇದೇ ಗ್ಯಾಂಬಿಟ್‌ನಿಂದ ಶುರುವಾಗಬೇಕೆಂಬ ಕರಾರಿನ ಟೂರ್ನಿಯೊಂದನ್ನು ಪ್ರಾಯೋಜಿಸಿದ್ದರು. ದೊಡ್ಡ ಆಟಗಾರರು ಇದನ್ನು ಗಂಭೀರವಾಗಿ ತೆಗೆದುಕೊಂಡದ್ದು ಕಡಿಮೆ. ಆದರೆ ಕೆಲವೇ ನಿಮಿಷಗಳ ಆನ್‌ಲೈನ್ ಆಟಗಳ ಕಾಲದಲ್ಲಿ ಇದಕ್ಕೆ ಮರುಜನ್ಮ ಸಿಕ್ಕಿತು. ಯೂಟ್ಯೂಬ್‌ನಲ್ಲಿ ಎರಡು ವಿಡಿಯೊ ನೋಡಿದ ಮಗುವಿಗೂ ಇದರ ಬಲೆ ಬಾಯಿಪಾಠವಾಗಿರುತ್ತದೆ.

ಬಲೆ ಹೀಗಿದೆ. ಬಿಳಿ ಡಿ4, ಕಪ್ಪು ಇ5. ಬಿಳಿ ಆ ಕಾಲಾಳನ್ನು ತಿನ್ನುತ್ತದೆ, ಕಪ್ಪು ಕುದುರೆ ಸಿ6ಕ್ಕೆ ಬರುತ್ತದೆ. ಬಿಳಿ ಕುದುರೆ ಎಫ್3ಕ್ಕೆ, ಕಪ್ಪು ರಾಣಿ ಇ7ಕ್ಕೆ. ಇ5ರ ಕಾಲಾಳನ್ನು ಉಳಿಸಿಕೊಳ್ಳಲು ನಾಲ್ಕನೆಯ ನಡೆಯಲ್ಲಿ ಒಂಟೆಯನ್ನು ಎಫ್4ಕ್ಕೆ ತಂದರೆ ರಾಣಿ ಬಿ4ಕ್ಕೆ ಹಾರಿ ಚೆಕ್ ಕೊಡುತ್ತದೆ. ಆ ಒಂದೇ ನಡೆ ಎಫ್4ರ ಒಂಟೆಗೂ ಬಿ2ರ ಕಾಲಾಳಿಗೂ ಗುರಿ ಇಡುತ್ತದೆ. ಒಂಟೆ ಡಿ2ಕ್ಕೆ ಹಿಂದೆ ಸರಿಯುತ್ತದೆ, ರಾಣಿ ಬಿ2ರ ಕಾಲಾಳನ್ನು ತಿನ್ನುತ್ತದೆ. ಈಗ ಎ1ರ ಆನೆಯ ಮೇಲೆ ಕಣ್ಣು ಬಿದ್ದಿದೆ, ಹಾಗಾಗಿ ಒಂಟೆಯನ್ನು ಸಿ3ಕ್ಕೆ ಇಟ್ಟು ರಾಣಿಯನ್ನು ಓಡಿಸೋಣ ಎಂದು ಯಾರಿಗಾದರೂ ಅನಿಸುತ್ತದೆ. ಸೋಲು ಇರುವುದು ಅಲ್ಲೇ. ಕಪ್ಪು ಒಂಟೆ ಬಿ4ಕ್ಕೆ ಬಂದು ಸಿ3ರ ಒಂಟೆಯನ್ನು ರಾಜನ ಮುಂದೆ ಕಟ್ಟಿಹಾಕುತ್ತದೆ, ಇನ್ನು ಅದು ರಾಣಿಯನ್ನು ತಿನ್ನುವಂತಿಲ್ಲ. ಬಿಳಿ ರಾಣಿ ಡಿ2ಕ್ಕೆ ಬಂದರೆ ಕಪ್ಪು ಸಿ3ರಲ್ಲಿ ಹೊಡೆಯುತ್ತದೆ. ಅದನ್ನು ರಾಣಿಯಿಂದ ತಿಂದರೆ ಕಪ್ಪು ರಾಣಿ ಸಿ1ಕ್ಕೆ ಇಳಿದು ಮೇಟ್, ಕುದುರೆಯಿಂದ ತಿಂದರೆ ಎ1ರ ಆನೆ ಹೋಯಿತು.

ಆರನೆಯ ನಡೆಯಲ್ಲಿ ಒಂಟೆಯ ಬದಲು ಕುದುರೆಯನ್ನು ಸಿ3ಕ್ಕೆ ತನ್ನಿ. ಕಪ್ಪು ಒಂಟೆ ಬಿ4ಕ್ಕೆ ಬಂದರೆ ಆನೆಯನ್ನು ಬಿ1ಕ್ಕೆ ಇಟ್ಟು ರಾಣಿಯ ಮೇಲೆ ಬೀಳಿ, ಅದು ಎ3ಕ್ಕೆ ಓಡುತ್ತದೆ. ಆನೆ ಬಿ3ಕ್ಕೆ ಏರಿದರೆ ರಾಣಿ ಮತ್ತೆ ಎ5ಕ್ಕೆ. ಅನಂತರ ಎ3 ಆಡಿ ಒಂಟೆಯನ್ನು ಪ್ರಶ್ನಿಸಬಹುದು. ಕಾಲಾಳುಗಳ ಲೆಕ್ಕ ಈಗ ಸಮ, ಆದರೆ ಹಲಗೆಯನ್ನು ಒಮ್ಮೆ ನೋಡಿ: ಕಪ್ಪು ರಾಣಿ ಮನೆಯಿಲ್ಲದೆ ಅಲೆದಿದೆ, ರಾಜನ ಕಡೆಯ ಕುದುರೆ ಇನ್ನೂ ಜಿ8ರಲ್ಲೇ ಇದೆ, ಇ5ರ ಬಿಳಿ ಕಾಲಾಳು ಅದರ ಸಹಜ ಸ್ಥಾನವಾದ ಎಫ್6ಕ್ಕೆ ಅಡ್ಡ ನಿಂತಿದೆ. ಬಿಳಿಗೆ ಸ್ಪಷ್ಟ ಮೇಲುಗೈ.

ಇಷ್ಟು ನೆನಪಿಟ್ಟುಕೊಳ್ಳುವುದು ಕಷ್ಟವೆನ್ನಿಸಿದರೆ ನಾಲ್ಕನೆಯ ನಡೆಯಲ್ಲೇ ಕುದುರೆಯನ್ನು ಸಿ3ಕ್ಕೆ ತನ್ನಿ. ಕಪ್ಪು ಕುದುರೆ ಇ5ರ ಕಾಲಾಳನ್ನು ತಿನ್ನಲಿ, ನೀವು ಇ4 ಆಡಿ. ಕಾಲಾಳು ಮರಳಿಸಿದಿರಿ, ಬದಲಿಗೆ ನಡುಹಲಗೆಯೂ ಸಮಯವೂ ನಿಮಗೆ ಸಿಕ್ಕಿತು. ಮುಂದೆ ಕುದುರೆ ಡಿ5ಕ್ಕೆ ಹಾರಿದರೆ ಇ7ರ ರಾಣಿಗೂ ಸಿ7ರ ಮನೆಗೂ ಒಟ್ಟಿಗೇ ತೊಂದರೆ. ನನ್ನ ಮತ ಇದಕ್ಕೇ. ಎಫ್4ರ ದಾರಿಯಲ್ಲಿ ಲಾಭ ಹೆಚ್ಚಿರಬಹುದು, ಆದರೆ ವರ್ಷಕ್ಕೆ ನಾಲ್ಕಾರು ಬಾರಿ ಎದುರಾಗುವ ಓಪನಿಂಗ್‌ಗಾಗಿ ಹತ್ತು ನಡೆ ಬಾಯಿಪಾಠ ಮಾಡುವಷ್ಟು ಬಿಡುವು ಯಾರಿಗಿದೆ?

ಇಂಥ ಓಪನಿಂಗ್‌ಗಳು ಯಕ್ಷಗಾನದ ಬಣ್ಣದ ವೇಷದಂತೆ. ತೆರೆಯ ಹಿಂದಿನ ಆರ್ಭಟಕ್ಕೇ ಎದುರಿನವನ ಅರ್ಧ ಧೈರ್ಯ ಉಡುಗಿರುತ್ತದೆ. ಹುಡುಗಿ ಯೋಚಿಸದೆ ಆಡಿದಳು ಎಂದು ಬರೆದಿದ್ದೀರಿ. ಆ ವೇಗವೂ ಆಯುಧವೇ. ರ್‍ಯಾಪಿಡ್ ಎಂದರೆ ಒಬ್ಬರಿಗೆ 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಸಮಯ. ಅದರಲ್ಲಿ ಎರಡು ನಿಮಿಷವನ್ನು ಮೂರನೆಯ ನಡೆಯಲ್ಲೇ ಖರ್ಚು ಮಾಡಿದರೆ ನಷ್ಟವಿಲ್ಲ.

ಹಾಗೆ ಯೋಚಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎದುರಾಳಿ ಏನನ್ನು ಬಿಟ್ಟುಕೊಟ್ಟ? ವಿಚಿತ್ರ ಓಪನಿಂಗ್ ಆಡುವವರು ಏನನ್ನಾದರೂ ಬಿಟ್ಟುಕೊಟ್ಟೇ ಇರುತ್ತಾರೆ, ಒಂದೋ ಕಾಯಿ, ಇಲ್ಲವೇ ನಡುಹಲಗೆ. ಎರಡಕ್ಕೂ ಒಂದೇ ಔಷಧವಲ್ಲ.

ಕಾಯಿ ಕೊಟ್ಟರೆ ಸ್ವೀಕರಿಸಿ, ಆಮೇಲೆ ಕೆಲವು ನಡೆ ಲೋಭ ಬಿಟ್ಟು ಆಡಿ. ಇ4 ಆಡುವ ನಿಮ್ಮ ಗೆಳೆಯರಿಗೆ ಎದುರಾಗುವ ಸ್ಟಾಫರ್ಡ್ ಗ್ಯಾಂಬಿಟ್ ಇದಕ್ಕೆ ಒಳ್ಳೆಯ ಉದಾಹರಣೆ. ಇ4, ಇ5; ಕುದುರೆ ಎಫ್3, ಕುದುರೆ ಎಫ್6; ಬಿಳಿ ಕುದುರೆ ಇ5ರಲ್ಲಿ ತಿನ್ನುತ್ತದೆ, ಕಪ್ಪು ಇನ್ನೊಂದು ಕುದುರೆಯನ್ನು ಸಿ6ಕ್ಕೆ ತರುತ್ತದೆ. ಬಿಳಿ ಅದನ್ನು ಹೊಡೆದರೆ ಡಿ ಕಾಲಾಳು ಮರುಹೊಡೆತ ಕೊಡುತ್ತದೆ. ಬಿಳಿ ಡಿ3, ಕಪ್ಪು ಒಂಟೆ ಸಿ5. ಇಲ್ಲಿ ಒಂಟೆಯನ್ನು ಜಿ5ಕ್ಕೆ ತಂದು ಕುದುರೆಯನ್ನು ಕಟ್ಟಿಹಾಕಿದೆ ಎಂದು ಹಿಗ್ಗಿದರೆ ಅದೇ ಕುದುರೆ ಇ4ರಲ್ಲಿ ಹೊಡೆಯುತ್ತದೆ. ನೀವು ಡಿ8ರ ರಾಣಿಯನ್ನು ತಿನ್ನುವಿರಿ. ಒಂಟೆ ಎಫ್2ರಲ್ಲಿ ಚೆಕ್, ರಾಜ ಇ2ಕ್ಕೆ, ಇನ್ನೊಂದು ಒಂಟೆ ಜಿ4ಕ್ಕೆ, ಮೇಟ್. ಜಿ5ರ ಬದಲು ಒಂಟೆಯನ್ನು ಸುಮ್ಮನೆ ಇ2ರಲ್ಲಿಟ್ಟು, ಆಮೇಲೆ ಸಿ3 ಆಡಿ ಡಿ4ಕ್ಕೆ ಸಿದ್ಧತೆ ಮಾಡಿದರೆ ಒಂದು ಕಾಲಾಳು ನಿಮ್ಮ ಜೇಬಿನಲ್ಲಿ ಉಳಿದಿರುತ್ತದೆ.

ನಡುಹಲಗೆ ಬಿಟ್ಟುಕೊಟ್ಟವರ ಮೇಲೆ ಮಾತ್ರ ಹಾರಿ ಬೀಳಬೇಡಿ. ಇ4ಕ್ಕೆ ಎ6 ಎಂಬ ಉತ್ತರ ನೋಡಿದರೆ ನಗು ಬರುತ್ತದೆ. 1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ, ಯುರೋಪಿನ ತಂಡಗಳ ಚಾಂಪಿಯನ್‌ಷಿಪ್‌ನಲ್ಲಿ, ಇಂಗ್ಲೆಂಡಿನ ಟೋನಿ ಮೈಲ್ಸ್ ಆ ಕಾಲದ ವಿಶ್ವ ಚಾಂಪಿಯನ್ ಕಾರ್ಪೊವ್ ವಿರುದ್ಧ ಇದನ್ನೇ ಆಡಿ ಗೆದ್ದರು. ಕಾರ್ಪೊವ್ ಕೆಟ್ಟದಾಗಿ ಆರಂಭಿಸಿರಲಿಲ್ಲ: ಡಿ4, ಕುದುರೆ ಎಫ್3, ಒಂಟೆ ಡಿ3, ರಾಣಿ ಇ2, ಎಲ್ಲವೂ ಪುಸ್ತಕದಲ್ಲಿ ಹೇಳಿದಂತೆ. ಒಂಬತ್ತನೆಯ ನಡೆಯಲ್ಲಿ ಇ5 ಎಂದು ಮುನ್ನುಗ್ಗಿದರು. ಕಪ್ಪು ಕುದುರೆಗೆ ಡಿ5ರಲ್ಲಿ ಗಟ್ಟಿ ನೆಲೆ ಸಿಕ್ಕಿತು, ಬಿ7ರ ಒಂಟೆಗೆ ದಾರಿ ತೆರೆಯಿತು. ಅಲ್ಲಿಗೇ ಆಟ ಮುಗಿಯಿತೆಂದಲ್ಲ, ಆದರೆ ಮೈಲ್ಸ್‌ಗೆ ಬೇಕಾದ ಬಗೆಯ ಆಟ ಅಲ್ಲಿಂದ ಶುರುವಾಯಿತು. ಎ6, ಬಿ6ಗಳಂಥ ಉತ್ತರಗಳಿಗೆ ನಡುಹಲಗೆಯ ಎರಡು ಕಾಲಾಳುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಹಿಂದಿನಿಂದ ಆಸರೆ ಕೊಟ್ಟು, ಕ್ಯಾಸಲ್ ಮಾಡಿ (ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಭದ್ರಪಡಿಸಿ). ಅವನ್ನು ಮುಂದೆ ತಳ್ಳುವ ಅವಸರ ಬೇಡ.

ಇ5 ಬರಲೇಬಾರದು ಎನ್ನುವವರಿಗೆ ಮೊದಲ ನಡೆಯಲ್ಲೇ ಕುದುರೆಯನ್ನು ಎಫ್3ಕ್ಕೆ ತಂದು, ಎರಡನೆಯದರಲ್ಲಿ ಡಿ4 ಆಡುವ ದಾರಿಯಿದೆ. ಜಾಣತನವೇ, ಆದರೆ ಕಪ್ಪು ಸಿ5 ಎಂದರೆ ಬೇರೆಯೇ ತರಹದ ಓಪನಿಂಗ್‌ಗೆ ಸಿದ್ಧರಿರಬೇಕು. ಒಂದು ಬಲೆಗೆ ಹೆದರಿ ಇಡೀ ಆಟದ ಕ್ರಮವನ್ನೇ ಬದಲಿಸುವುದು ನನಗೆ ಹಿಡಿಸದು. ಎರಡನೆಯ ನಡೆಗೆ ತಿನ್ನದೆ ಇ4 ಆಡಿದರೂ ತಪ್ಪೇನಿಲ್ಲ. ಅದು ಸೆಂಟರ್ ಗೇಮ್ ಎಂಬ ಹಳೆಯ ಓಪನಿಂಗ್‌ಗೆ ತಿರುಗಬಹುದು. ಅದನ್ನು ಆಡುವ ಅಭ್ಯಾಸ ಇದ್ದವರಿಗೆ ಸರಿ.

ಮನೆಯಲ್ಲಿ ಸಿದ್ಧತೆ ಮಾಡುವಾಗ ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ತೋರಿಸುವ ಮೊದಲ ನಡೆಯನ್ನೇ ಬಾಯಿಪಾಠ ಮಾಡಬೇಡಿ. ಲೀಚೆಸ್ ಎಂಬ ಆನ್‌ಲೈನ್ ಚೆಸ್ ತಾಣದ ಓಪನಿಂಗ್ ಎಕ್ಸ್‌ಪ್ಲೋರರ್ ಉಚಿತ. ಅದರಲ್ಲಿ ರೇಟಿಂಗ್ ಮಟ್ಟವನ್ನೂ ಆಟದ ವೇಗವನ್ನೂ ಆರಿಸಿ, ನಿಮ್ಮಂಥವರ ಎದುರು ಕಪ್ಪು ಹೆಚ್ಚಾಗಿ ಏನು ಆಡುತ್ತದೆ ಎಂದು ನೋಡಿ. ಎಂಗ್ಲುಂಡ್‌ನಲ್ಲಿ ಎರಡನೆಯ ನಡೆಗೆ ಕುದುರೆಯ ಬದಲು ಡಿ6 ಎಂದು ಇನ್ನೊಂದು ಕಾಲಾಳನ್ನೂ ಒಡ್ಡುವವರಿದ್ದಾರೆ. ಅದನ್ನೂ ತಿಂದು, ಒಂಟೆ ಮರುಹೊಡೆತ ಕೊಟ್ಟ ಮೇಲೆ ಕುದುರೆಯನ್ನು ಎಫ್3ಕ್ಕೆ ತಂದರೆ ಸಾಕು. ಎಫ್6 ಆಡುವವರೂ ಸಿಗುತ್ತಾರೆ, ಅವರಿಗೆ ಇ4 ಎಂದು ಉತ್ತರಿಸಿ.